ಒಂದು ಸಾವಿಗೆ ಎರಡು ಯುಗಾದಿ

ಹಳೇಬೀಡು
ಜನವರಿ 6, 2025

ಚೈತನ್ಯ,

ಆಶೀರ್ವಾದ. ನಿನಗೆ ಬೇಕೋ ಬೇಡವೋ, ಹಿರಿಯನಾಗಿ ಹುಟ್ಟಿದ ಮೇಲೆ ಅದನ್ನು ಕೊಡುವುದು ನನ್ನ ಕೆಲಸ.

ಮೊನ್ನೆ ನೀನು ಫೋನು ಮಾಡಿದಾಗ ನಿನ್ನ ಅತ್ತಿಗೆ ಅದನ್ನು ನನ್ನ ಕಿವಿಗೆ ಹಿಡಿದಳು. ನನಗೆ ಕೇಳಿಸಿದ್ದು ಒಲೆಯ ಮೇಲೆ ನೀರು ಮರಳುವ ಸದ್ದು. ನನ್ನ ಕಿವಿ ಪೂರ್ತಿ ಹೋಯಿತು, ಆದ್ದರಿಂದ ಇನ್ನು ಮೇಲೆ ಕಾಗದ. ವಾಟ್ಸಾಪಿನಲ್ಲಿ ಬರೆಯಲಿ ಎಂದೆಯಂತೆ. ಅದರಲ್ಲಿ ಬೈಯುವುದಕ್ಕೆ ಜಾಗ ಸಾಲದು.

ಈ ಸಲದ ಚಳಿಗಾಲದಲ್ಲಿ ನಿಮ್ಮ ಉತ್ತರದವರು ಬಸ್ಸುಗಟ್ಟಲೆ ಬಂದು ಊರು ತುಂಬಿದ್ದಾರೆ. ನಿನ್ನೆ ದೇವಸ್ಥಾನದ ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದೆ. ಒಬ್ಬ ಬಂದು, ಇದು ತಾಜಮಹಲಿಗಿಂತ ಹಳೆಯದಾ ಎಂದು ಕೇಳಿದ. ಅವನು ಅರಚಿದ ರಭಸಕ್ಕೆ ನನಗೂ ಕೇಳಿಸಿತು. ಅದಕ್ಕಿಂತ ಐನೂರು ವರ್ಷ ಹಳೆಯದು ಎಂದೆ. ನಂಬಲಿಲ್ಲ, ಫೋನು ತೆಗೆದು ನೋಡಿಕೊಂಡ. ಇಂಥವರ ಚರಿತ್ರೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಉರು ಹೊಡೆಸಿದೆ. ದೆಹಲಿಯ ಗುಲಾಮರಿಗೆ ಒಂದು ಪಾಠ, ಖಿಲ್ಜಿಗೆ ಒಂದು ಪಾಠ, ಹೊಯ್ಸಳರಿಗೆ ಅರ್ಧ ಪುಟ. ಆ ಅರ್ಧ ಪುಟದಲ್ಲೂ ಕಾಲು ಭಾಗ ಚಿತ್ರ. ಭೂಗೋಳವಂತೂ ಕೇಳಲೇಬೇಡ. ಹಲ್ಲುಜ್ಜಿ ಉಗಿಯಲು ಒಂದು ಕಲ್ಲಿಲ್ಲದ ದೇಶ ಅದು. ಹೊಳೆ ಹೊತ್ತು ತಂದು ಸುರಿದ ಮಣ್ಣಿನ ಮೇಲೆ ಕೂತುಕೊಂಡು ನಾವೇ ಭಾರತ ಅನ್ನುತ್ತಾರೆ. ನಮ್ಮ ಕಾಲಡಿಯ ಬಂಡೆಗೆ ಮುನ್ನೂರು ಕೋಟಿ ವರ್ಷ, ಅದರ ಮುಂದೆ ಹಿಮಾಲಯ ನಿನ್ನೆ ಎದ್ದ ಹುತ್ತ ಎಂದು ನೀನೇ ಹೇಳಿದ್ದೆ. ಅದನ್ನು ಓದಿಕೊಂಡವನು ಅದೇ ಹುತ್ತದ ಬುಡಕ್ಕೆ ಹೋಗಿ ಸಂಸಾರ ಹೂಡಿದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಅವ್ವನ ವರ್ಷದ ತಿಥಿ ಹತ್ತಿರ ಬಂತು. ನಿನ್ನ ಜೊತೆ ಲಕ್ನೋಗೆ ಹೊರಡುವ ಹಿಂದಿನ ದಿನ ಅವಳು ಪಡಸಾಲೆಯಲ್ಲಿ ಕೂತು ಹೇಳಿದ್ದು ನಿನಗೂ ನೆನಪಿರಬೇಕು. "ನಾನು ಸತ್ ಮ್ಯಾಲೆ ವರ್ಸದ ಎಡೆನಾ ಈ ಮನೇಲಿ ಇಬ್ರೂ ಒಟ್ಗೆ ಇಕ್ಕಿ. ಒಬ್ಬೊಬ್ರೇ ಇಕ್ಕಿದ್ರೆ ನಾನು ಉಣ್ಣಾಕಿಲ್ಲ." ಗಂಗೆ ನೋಡಿ ಬರುತ್ತೇನೆ ಎಂದು ಹೋದವಳು ಮಡಕೆಯಲ್ಲಿ ವಾಪಸು ಬಂದಳು. ನಾನು ಮೂರನೇ ದಿನಕ್ಕೆ ಅಲ್ಲಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿಸಿಬಿಟ್ಟಿದ್ದಿರಿ. ಹೆತ್ತವಳ ಮುಖ ನೋಡಲು ಸಿಗಲಿಲ್ಲ. ನಿನ್ನ ಹೆಂಡತಿಗೆ ಅಷ್ಟು ಅವಸರ ಏನಿತ್ತೋ ನಾನು ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಅಲ್ಲಿನ ಪುರೋಹಿತ ಬರೆದುಕೊಟ್ಟ ತಿಥಿಯನ್ನು ಬರೆದು ಕಳಿಸು. ವರ್ಷದ ಎಡೆ ಇದೇ ಮನೆಯಲ್ಲಿ ಆಗಬೇಕು, ನೀನು ಬರಬೇಕು.

ಹನುಮಂತಯ್ಯ


ಲಕ್ನೋ
ಜನವರಿ 19, 2025

ಅಣ್ಣ,

ನಮಸ್ಕಾರ. ಆಶೀರ್ವಾದ ತಲುಪಿತು, ಅದರ ಜೊತೆಗೆ ಕಟ್ಟಿ ಕಳಿಸಿದ್ದೆಲ್ಲವೂ ತಲುಪಿತು.

ಕಲ್ಲಿಲ್ಲದ ದೇಶ ಎಂದಿರಿ. ಕಲ್ಲಿಲ್ಲದ್ದರಿಂದಲೇ ಇಲ್ಲಿ ಬಾವಿ ತೋಡಿದವನು ಅಳುವುದಿಲ್ಲ. ನಾನು ಅಂತರ್ಜಲದ ಕಚೇರಿಯಲ್ಲಿ ಕೆಲಸ ಮಾಡುವವನು, ಬಂಡೆಗೆ ಎಷ್ಟು ವಯಸ್ಸಾಗಿದೆ ಎನ್ನುವುದು ಅದರಲ್ಲಿ ನೀರಿದೆಯೇ ಎನ್ನುವುದರ ಮುಂದೆ ನನಗೆ ದೊಡ್ಡದಲ್ಲ. ಅರಸೀಕೆರೆ ಕಡೆ ಸಾವಿರ ಅಡಿ ಕೊರೆಸಿ ಬಿಳಿ ಧೂಳು ನೋಡಿಕೊಂಡು ಮನೆಗೆ ಬರುವವರಿಗೆ ನಿಮ್ಮ ಮುನ್ನೂರು ಕೋಟಿ ವರ್ಷದ ಪಾಠ ಹೇಳಿ ನೋಡಿ. ಇನ್ನು ಹೊಯ್ಸಳರ ಕೆತ್ತನೆ. ಅದು ಬಳಪದ ಕಲ್ಲು. ನೆಲದಿಂದ ಕಿತ್ತಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಶಿಲ್ಪಿಯ ಹೊಗಳಿಕೆಯಲ್ಲಿ ಅರ್ಧ ಆ ಕಲ್ಲಿಗೆ ಸಲ್ಲಬೇಕು. ಗಾಳಿಗೆ ಬಿದ್ದು ಗಟ್ಟಿಯಾಗುವ ಗುಣ ನಮ್ಮ ಮನೆತನಕ್ಕೂ ಅಲ್ಲಿಂದಲೇ ಬಂದಿರಬಹುದು.

ನಮಗೆ ಅರ್ಧ ಪುಟ ಕೊಟ್ಟರು ಎಂದು ಕೊರಗುವ ನೀವು ಈ ಊರಿಗೆ ಬಂದಾಗ ಎರಡು ದಿನ ಇದ್ದಿರಿ. ಕಿಟಕಿಯ ಪರದೆ ಸರಿಸಿ ಹೊರಗೆ ನೋಡಲಿಲ್ಲ. ವಿಭಾ ತಟ್ಟೆ ತಂದು ಮುಂದೆ ಇಟ್ಟರೆ ಹಸಿವಿಲ್ಲ ಎಂದಿರಿ. ಆಮೇಲೆ ಬೀದಿಯ ಅಂಗಡಿಯಲ್ಲಿ ಬಾಳೆಹಣ್ಣು ತಿಂದಿರಿ. ಅವಳು ಅದನ್ನು ಮೇಲಿನಿಂದ ನೋಡಿದಳು.

ಪುರೋಹಿತರ ಚೀಟಿಯಲ್ಲಿ ಇರುವುದು ಇಷ್ಟು: ವಿಕ್ರಮ ಸಂವತ್ 2080, ಚೈತ್ರ ಕೃಷ್ಣ ಸಪ್ತಮಿ, ಸೋಮವಾರ. ಆವತ್ತು ಇಂಗ್ಲಿಷ್ ತಾರೀಕು ಏಪ್ರಿಲ್ ಒಂದು. ಈ ವರ್ಷ ಅದು ಯಾವ ದಿನ ಬರುತ್ತದೆ ಎಂದು ನೀವು ನಿಮ್ಮ ಶಿವಯ್ಯ ಜೋಯಿಸರನ್ನು ಕೇಳಿಕೊಳ್ಳಿ. ಇಲ್ಲಿಯವರ ಪಂಚಾಂಗ ನೋಡಿ ಹೇಳಿದರೆ ನೀವು ಅದನ್ನೂ ಹೊಳೆಯ ಮಣ್ಣು ಅನ್ನುತ್ತೀರಿ.

ನಾವಿಬ್ಬರೂ ಬರುತ್ತೇವೆ. ಎಡೆಯ ಅಡುಗೆಗೆ ತಾನೂ ಕೈ ಹಾಕುತ್ತೇನೆ ಎಂದು ವಿಭಾ ಹೇಳುತ್ತಿದ್ದಾಳೆ.

ಚೈತನ್ಯ


ಹಳೇಬೀಡು
ಫೆಬ್ರವರಿ 3, 2025

ಚೈತನ್ಯ,

ನಿನ್ನ ಕಾಗದ ಬಂತು. ಬಾಳೆಹಣ್ಣಿನ ಲೆಕ್ಕವನ್ನೂ ಇಟ್ಟುಕೊಂಡಿರುವ ಮನೆಯಲ್ಲಿ ಊಟ ಮಾಡದೆ ಬಂದದ್ದು ಒಳ್ಳೆಯದೇ ಆಯಿತು.

ನಿನ್ನ ಚೀಟಿಯನ್ನು ಮೊದಲು ಮನುಷ್ಯರು ಓದುವ ಹಾಗೆ ಮಾಡಿಕೊಂಡೆ. ವಿಕ್ರಮನ ಸಂವತ್ತಂತೆ. ಅದು ನಮ್ಮ ಶಾಲಿವಾಹನ ಶಕೆಗಿಂತ ನೂರ ಮೂವತ್ತೈದು ವರ್ಷ ಮುಂದೆ ಓಡುತ್ತದೆ. ಉತ್ತರದವರಿಗೆ ಎಲ್ಲದರಲ್ಲೂ ಮುಂದಿರಬೇಕು, ವರ್ಷದಲ್ಲೂ. ನಾನು ಅದನ್ನು ಕಳೆದು ಶಕೆಗೆ ತಂದು, ಬಸ್ತಿಹಳ್ಳಿಯ ಶಾಸನ ಓದುವವನಿಗೆ ಇದೊಂದು ಲೆಕ್ಕವೇ ಎಂದು ಶಿವಯ್ಯನವರಿಗೂ ತೋರಿಸಿದೆ. ಅವರು ತಲೆದೂಗಿದರು. ಕೃಷ್ಣ ಸಪ್ತಮಿ ಎಂದರೆ ನಮ್ಮ ಬಹುಳ ಸಪ್ತಮಿ. ತಿಂಗಳು ತಿಥಿಗಳನ್ನಾದರೂ ದೇವರು ಎಲ್ಲ ಕಡೆ ಒಂದೇ ಮಾಡಿಟ್ಟಿದ್ದಾನೆ, ಇಲ್ಲದಿದ್ದರೆ ಅದರಲ್ಲೂ ನಿಮ್ಮವರು ಕೈಯಾಡಿಸುತ್ತಿದ್ದರು. ಚೈತ್ರ ಬಹುಳ ಸಪ್ತಮಿಗೆ ಅವರು ಪಂಚಾಂಗದಲ್ಲಿ ಗುರುತು ಹಾಕಿದ್ದಾಗಿದೆ.

ಅದು ಯಾವ ತಾರೀಕು ಎಂದು ನಾನು ಬರೆಯುವುದಿಲ್ಲ. ಹೆತ್ತ ತಾಯಿಯ ತಿಥಿ ಯಾವತ್ತು ಎಂದು ಅಣ್ಣ ಹೇಳಿಕೊಡಬೇಕಾದ ಮಗ ಬರುವುದೇ ಬೇಡ. ನಿನ್ನ ಮನೆಯಲ್ಲೂ ಪಂಚಾಂಗ ಇದೆ, ನೋಡಲು ಕಣ್ಣಿದೆ.

ಅಡುಗೆಯ ಮಾತು. ನಿನ್ನ ಹೆಂಡತಿ ಬರಲಿ, ಕೂರಲಿ, ಆದರೆ ಎಡೆಯ ಅಡುಗೆಗೆ ಕೈ ಹಾಕುವುದು ಬೇಡ. ಅವ್ವನಿಗೆ ಮುದ್ದೆ ಆಗಬೇಕು, ಅವರೆಕಾಳಿನ ಸಾರು ಆಗಬೇಕು. ಗೋಧಿ ಲಟ್ಟಿಸುವ ಕೈ ರಾಗಿಯ ಬಿಸಿ ತಡೆಯುವುದಿಲ್ಲ. ಅದಕ್ಕೆ ನಿನ್ನ ಅತ್ತಿಗೆ ಇದ್ದಾಳೆ.

ನಾನು ಇಲ್ಲಿ ಪಡಸಾಲೆಗೆ ಸುಣ್ಣ ಹೊಡೆಸಿದೆ. ನಿನಗಾಗಿ ಅಲ್ಲ, ಗೋಡೆ ಹಳೆಯದಾಗಿತ್ತು.

ಹನುಮಂತಯ್ಯ


ಲಕ್ನೋ
ಫೆಬ್ರವರಿ 16, 2025

ಅಣ್ಣ,

ತಾರೀಕು ಹೇಳುವುದಿಲ್ಲ ಎಂದಿರಿ. ಸರಿ, ನಾನೂ ಕೇಳುವುದಿಲ್ಲ. ಪಂಚಾಂಗ ನೋಡಲು ನನಗೆ ಬರುತ್ತದೆ. ಟಿಕೆಟ್ ಆಗಿದೆ. ತಿಥಿಯ ಹಿಂದಿನ ಸಂಜೆ ಅರಸೀಕೆರೆಯಲ್ಲಿ ಇಳಿದು ಬಸ್ಸಿನಲ್ಲಿ ಬರುತ್ತೇವೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ.

ಅಡುಗೆಮನೆಯ ವಿಷಯ ನೀವು ಬರೆದದ್ದನ್ನು ವಿಭಾಗೆ ಓದಿ ಹೇಳಲಿಲ್ಲ. ಅಣ್ಣ ಏನು ಬರೆದಿದ್ದಾರೆ ಎಂದು ಕೇಳಿದಳು. ಬನ್ನಿ ಎಂದು ಬರೆದಿದ್ದಾರೆ ಎಂದೆ. ಬಾಗಿಲು ತೆಗೆದಿರಲಿ.

ಚೈತನ್ಯ


ಅರಸೀಕೆರೆ ರೈಲ್ವೆ ಸ್ಟೇಷನ್
ಮಾರ್ಚ್ 21, 2025, ಸಂಜೆ

ಅಣ್ಣ,

ನಿಮ್ಮ ಉತ್ತರ ಬಾಗಿಲಲ್ಲೇ ನೇತಾಡುತ್ತಿತ್ತು, ನೋಡಿದೆ. ಬೀಗ ಹೊಸದು.

ನಿನ್ನೆ ಸಂಜೆ ಬಂದು ಜಗಲಿಯ ಮೇಲೆ ಕೂತೆವು. ಎದುರುಮನೆಯ ಮಂಜುಳಾ ಹೊರಗೆ ಬಂದು, "ಮೇಷ್ಟ್ರು ಅರಸೀಕೆರೆಗೆ ಹೋಗವ್ರೆ ಕಣಣ್ಣ, ನಾದಿನಿ ಮನೇಗೆ. ಮುಂದಿನ್ ವಾರ ಬತ್ತಾರೆ," ಎಂದರು. ತಾಯಿಯ ತಿಥಿಯ ದಿನ ನೆಂಟರ ಮನೆಗೆ. ನಾವು ಬರುತ್ತೇವೆಂದು ಗೊತ್ತಿದ್ದೂ. ಅತ್ತಿಗೆಗೆ ಫೋನು ಮಾಡೋಣ ಎಂದು ವಿಭಾ ಮೂರು ಸಲ ಹೇಳಿದಳು. ನಾನು ಬಿಡಲಿಲ್ಲ. ಬೀಗ ಹಾಕಿ ಹೋದವರನ್ನು ಕರೆದು ಬಾಗಿಲು ತೆಗೆಸಿಕೊಳ್ಳುವಷ್ಟು ಬಡತನ ನನಗೆ ಬಂದಿಲ್ಲ.

ಇವತ್ತು ಜಗಲಿಯ ಮೇಲೆ, ನಿಮ್ಮ ಬೀಗದ ಮುಂದೆ, ಅವ್ವನಿಗೆ ಎಡೆ ಇಟ್ಟೆವು. ಒಬ್ಬನೇ ಇಟ್ಟೆ. ಅವಳು ಉಂಡಳೋ ಇಲ್ಲವೋ ನಿಮ್ಮ ಮೇಲಿದೆ.

ಇನ್ನೊಂದು ವಿಷಯ. ವರ್ಷವೆಲ್ಲ ಇದನ್ನು ಬರೆಯಬಾರದು ಎಂದು ಇಟ್ಟುಕೊಂಡಿದ್ದೆ. ಅಣ್ಣ ಬರುವವರೆಗೂ ಅವ್ವನನ್ನು ಇಡೋಣ ಎಂದವಳು ವಿಭಾ. ಬಿಸಿಲು, ಬೇಡ ಎಂದವನು ನಾನು. ನೀವು ಅವಳನ್ನು ದ್ವೇಷಿಸುತ್ತಿದ್ದದ್ದು ನನಗೆ ಅನುಕೂಲವಾಗಿತ್ತು, ಸುಮ್ಮನಿದ್ದೆ. ಇನ್ನು ಆ ಅನುಕೂಲ ನನಗೆ ಬೇಕಾಗಿಲ್ಲ. ರೈಲು ಬರುತ್ತಿದೆ.

ಚೈತನ್ಯ


ಹಳೇಬೀಡು
ಮಾರ್ಚ್ 29, 2025

ಚೈತನ್ಯ,

ನಿನ್ನೆ ಅರಸೀಕೆರೆಯಿಂದ ಬಂದೆವು. ನಿನ್ನ ಅತ್ತಿಗೆಯ ತಂಗಿ ಶಾಂತಾದೇವಿಗೆ ಮೊಣಕಾಲಿನ ಆಪರೇಷನ್, ನೋಡಿಕೊಳ್ಳಲು ಯಾರೂ ಇರಲಿಲ್ಲ. ಬಾಗಿಲ ಸಂದಿಯಲ್ಲಿ ಅಂಚೆಯವನು ಸಿಕ್ಕಿಸಿದ್ದ ನಿನ್ನ ಕಾಗದ ಇತ್ತು. ನಾಲ್ಕು ಸಲ ಓದಿದೆ. ಓದಿದಷ್ಟೂ ನಿನಗೆ ತಲೆ ಕೆಟ್ಟಿದೆ ಎನ್ನುವುದು ಗಟ್ಟಿಯಾಯಿತು.

ತಿಥಿಯ ದಿನವಂತೆ! ಅವ್ವನ ತಿಥಿಗೆ ಇವತ್ತಿಗೂ ಇನ್ನೂ ಮೂರು ವಾರವಿದೆ ಕಣೋ. ಚೈತ್ರವೇ ಇನ್ನೂ ಹುಟ್ಟಿಲ್ಲ. ಫಾಲ್ಗುಣದಲ್ಲಿ ಬಂದು ಚೈತ್ರದ ತಿಥಿ ಮಾಡಿ ಹೋಗುವ ಮಗನನ್ನು ಅವ್ವ ಎಲ್ಲಿ ಹೆತ್ತಳೋ. ಪಂಚಾಂಗ ನೋಡಲು ಬರುತ್ತದೆ ಎಂದು ಜಂಭ ಕೊಚ್ಚಿಕೊಂಡೆಯಲ್ಲ, ಇದೇನಾ ನಿಮ್ಮ ಲಕ್ನೋದ ವಿಜ್ಞಾನ? ನನಗೆ ಗೊತ್ತು, ನಿನ್ನ ಹೆಂಡತಿಗೆ ಆ ವಾರ ರಜೆ ಸಿಕ್ಕಿರಬೇಕು. ಬೇಲೂರು ಹಳೇಬೀಡು ನೋಡಿದ ಹಾಗೂ ಆಯಿತು, ಅತ್ತೆಯ ತಿಥಿ ಮುಗಿಸಿದ ಹಾಗೂ ಆಯಿತು. ಉತ್ತರದಿಂದ ಬರುವ ಎಲ್ಲರೂ ಹೀಗೇ, ಎರಡು ದಿನದಲ್ಲಿ ದೇವರನ್ನೂ ಮುಗಿಸಿ ಹೋಗುತ್ತಾರೆ.

ಬೀಗ ಹೊಸದು, ನಿಜ. ಹಳೆಯದು ತುಕ್ಕು ಹಿಡಿದಿತ್ತು. ಅದರಲ್ಲಿ ನಿನಗೆ ಅರ್ಥ ಹುಡುಕುವ ಕೆಲಸ ಯಾರು ಕೊಟ್ಟರು?

ಅವ್ವನನ್ನು ಸುಡಲು ಅವಸರ ಮಾಡಿದವನು ನೀನು ಎಂದು ಬರೆದಿದ್ದೀಯ. ಹೆಂಡತಿಯನ್ನು ಕಾಪಾಡಲು ಹೇಳಿದ ಸುಳ್ಳು ಎಂದು ತಿಳಿದುಕೊಳ್ಳುತ್ತೇನೆ. ನನ್ನ ತಮ್ಮ ಹಾಗೆ ಮಾಡುವವನಲ್ಲ.

ನಾಳೆ ಯುಗಾದಿ. ಊರೆಲ್ಲ ಮಾವಿನಸೊಪ್ಪು ಕಟ್ಟುತ್ತಿದೆ. ನಮಗೆ ವರ್ಷ ತುಂಬಿಲ್ಲ, ಹಬ್ಬವಿಲ್ಲ. ಹೋದ ವರ್ಷವೂ ಸೂತಕದಲ್ಲಿ ಹೋಯಿತು. ನಿನ್ನ ಅತ್ತಿಗೆ ಬೇವು ಬೆಲ್ಲವನ್ನೂ ಮುಟ್ಟದೆ ಕೂತಿದ್ದಾಳೆ. ಹಬ್ಬ ಬಿಟ್ಟು ಸತ್ತವರಿಗೆ ಮರ್ಯಾದೆ ಕೊಡುವುದು ಹೀಗೆ, ನೋಡಿ ಕಲಿ.

ಏಪ್ರಿಲ್ ಇಪ್ಪತ್ತು, ಭಾನುವಾರ. ನೀನು ಕೇಳದಿದ್ದರೂ ತಾರೀಕು ಹೇಳಿದ್ದೇನೆ, ನನ್ನ ಮಾತಿಗೆ ನಾನೇ ತಪ್ಪಿ. ಮತ್ತೆ ಬಾ. ನೀನೊಬ್ಬನೇ ಬಂದರೂ ಸರಿ.

ಹನುಮಂತಯ್ಯ


ಹಳೇಬೀಡು
ಏಪ್ರಿಲ್ 21, 2025

ಚೈತನ್ಯ,

ನಿನ್ನಿಂದ ಒಂದು ಗೆರೆ ಬರಲಿಲ್ಲ. ನೀನೂ ಬರಲಿಲ್ಲ.

ನಿನ್ನೆ ಅವ್ವನ ತಿಥಿ ಮುಗಿಯಿತು. ಬೆಳಗಿನ ಬಸ್ಸಿನಿಂದ ಹಿಡಿದು ಒಂದು ಬಸ್ಸನ್ನೂ ಬಿಡದೆ ನೋಡಿದೆ. ಎಡೆ ಇಡುವುದನ್ನು ಮಧ್ಯಾಹ್ನದವರೆಗೆ ತಡೆದೆ. ಬಂದ ನೆಂಟರು ಹಸಿದು ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಸಿದ್ದಬಸಪ್ಪ, ಅದೇ ನನ್ನ ಜೊತೆ ಮೇಷ್ಟ್ರಾಗಿದ್ದವರು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಒಬ್ಬನೇ ಇಟ್ಟೆ. ಅವ್ವ ಉಣ್ಣುವುದಿಲ್ಲ ಎಂದಿದ್ದಳಲ್ಲ, ಆ ಪಾಪವನ್ನು ನಿನ್ನ ಹೆಸರಿಗೆ ಬರೆದಿದ್ದೇನೆ.

ಆ ನೆಲದ ನೀರು ಕುಡಿದು ನಿನಗೆ ನಾಚಿಕೆಯೂ ಹೋಯಿತು. ಹೋಗಲಿ. ಅಲ್ಲೇ ಇರು. ಗಂಗೆಯಲ್ಲಿ ಮುಳುಗು, ಗೋಮತಿಯಲ್ಲಿ ಈಜು, ನನಗೆ ತಮ್ಮನಿಲ್ಲ. ಹೊಯ್ಸಳರು ಹೋದ ಮೇಲೂ ಈ ಊರು ಇದೆ, ನೀನು ಇಲ್ಲದೆಯೂ ಇರುತ್ತದೆ.

ಹನುಮಂತಯ್ಯ


ಹಳೇಬೀಡು
ಏಪ್ರಿಲ್ 25, 2025

ಚೈತನ್ಯ,

ಮೊನ್ನೆಯ ಕಾಗದ ಇನ್ನೂ ದಾರಿಯಲ್ಲಿರಬಹುದು. ಬಂದರೆ ಒಡೆಯದೆ ಒಲೆಗೆ ಹಾಕು.

ತಿಥಿಯ ಮಾರನೇ ದಿನ, ನಿನಗೆ ಆ ಕಾಗದ ಅಂಚೆಗೆ ಹಾಕಿ ಬಂದ ಮೇಲೆ, ನಿನ್ನ ಅತ್ತಿಗೆ ಪಾತ್ರೆಗಳನ್ನು ಎತ್ತಿಡುತ್ತಿದ್ದಳು. ನನ್ನ ಎದುರಿಗೆ ಬಂದು ನಿಂತು, ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದಳು. "ಅಲ್ಲಾ ಕಣ್ರೀ, ಅತ್ತೆ ಸತ್ತಾಗ ಒಂದು ಯುಗಾದಿ ಹೋಯ್ತು. ವರ್ಸ ತುಂಬಿಲ್ಲ ಅಂತ ಈಗ ಇನ್ನೊಂದು ಬಿಟ್ವಿ. ಒಂದು ಸಾವಿಗೆ ಎರಡು ಯುಗಾದಿ ಹೋಗೋದು ಎಲ್ಲಾರ ಉಂಟಾ?"

ಸುಮ್ಮನಿರು, ನಿನಗೇನು ಗೊತ್ತು ಎಂದೆ. ಆಮೇಲೆ ಊಟಕ್ಕೆ ಕೂತವನು ಬೆರಳು ಮಡಿಸಿ ಎಣಿಸಿದೆ. ಹೋದ ವರ್ಷ ನಾನು ಅಸ್ಥಿ ತಂದಾಗ ಯುಗಾದಿ ಇನ್ನೂ ಬಂದಿರಲಿಲ್ಲ. ಯುಗಾದಿ ಎಂದರೆ ಚೈತ್ರದ ಮೊದಲನೇ ದಿನ. ಅದಕ್ಕಿಂತ ಮುಂಚೆ ಸತ್ತವಳು ಚೈತ್ರದಲ್ಲಿ ಸತ್ತದ್ದು ಹೇಗೆ? ಒಂದನೇ ಕ್ಲಾಸಿನ ಮಗು ಕೇಳುವ ಪ್ರಶ್ನೆ. ಶಾಸನದ ಶಕವರ್ಷ ಕಳೆದು ಕೂಡುವವನಿಗೆ ಹೊಳೆಯಲಿಲ್ಲ.

ಬುಧವಾರ ದೇವಸ್ಥಾನದ ಹುಲ್ಲಿನ ಮೇಲೆ ಹೋಗಿ ಕೂತೆ. ಕಾನ್ಪುರದ ಒಂದು ಬಸ್ಸು ಬಂದಿತ್ತು. ಪಂಚೆಯುಟ್ಟ ಒಬ್ಬ ಮುದುಕನನ್ನು ನಿಲ್ಲಿಸಿ, ಇವತ್ತು ಯಾವ ತಿಂಗಳು ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವನು ವೈಶಾಖ ಎಂದ. ಅಲ್ಲ, ಚೈತ್ರ ಎಂದೆ. ಅವನು ನಕ್ಕು ನನ್ನ ಪಕ್ಕ ಕೂತು, ನನ್ನ ಅಂಗೈ ಮೇಲೆ ಬೆರಳಿಟ್ಟು ಲೆಕ್ಕ ಹೇಳಿಕೊಟ್ಟ. ನಾವು ಅಮಾವಾಸ್ಯೆಗೆ ತಿಂಗಳು ಮುಗಿಸುವವರು, ಅವರು ಹುಣ್ಣಿಮೆಗೆ ಮುಗಿಸುವವರು. ಬೆಳಕಿನ ಹದಿನೈದು ದಿನಕ್ಕೆ ಇಬ್ಬರೂ ಒಂದೇ ಹೆಸರು ಕರೆಯುತ್ತೇವೆ. ಕತ್ತಲಿನ ಹದಿನೈದು ದಿನಕ್ಕೆ ಮಾತ್ರ ಅವರು ಮುಂದಿನ ತಿಂಗಳ ಹೆಸರಿಡುತ್ತಾರೆ. ನಮ್ಮ ಫಾಲ್ಗುಣ ಬಹುಳ ಅವರಿಗೆ ಆಗಲೇ ಚೈತ್ರ. ಮಾರ್ಚ್ ಇಪ್ಪತ್ತೊಂದೇ ಅವ್ವನ ತಿಥಿ. ನೀನು ಬಂದದ್ದೇ ಸರಿಯಾದ ದಿನ.

ಈಗಲೂ ಹೇಳುತ್ತೇನೆ, ಅದು ಕೋಡಂಗಿ ಲೆಕ್ಕ. ಹೊಸ ವರ್ಷ ಹುಟ್ಟುವುದಕ್ಕೆ ಮುಂಚೆಯೇ ಅದರ ಮೊದಲನೇ ತಿಂಗಳು ಅರ್ಧ ಮುಗಿಯುವುದು ಯಾವ ಶಾಸ್ತ್ರವೋ ನನಗೆ ತಿಳಿಯದು. ಆದರೆ ಅವ್ವ ಸತ್ತದ್ದು ಆ ಲೆಕ್ಕ ನಡೆಯುವ ನೆಲದಲ್ಲಿ. ಆ ಮುದುಕನಿಗೆ ಎಳನೀರು ಕೊಡಿಸಿದೆ.

ಶಿವಯ್ಯನವರನ್ನು ಕೇಳಿದೆ, ವರ್ಷದ ತಿಥಿಯನ್ನು ಮತ್ತೆ ಮಾಡಬಹುದೇ ಎಂದು. ವರ್ಷದ್ದು ಒಂದೇ ಸಲ, ಇನ್ನು ಪ್ರತಿವರ್ಷದ್ದು ಮಾಡಿಕೊಂಡು ಹೋಗಬಹುದು ಎಂದರು. ಅವ್ವ ಕೇಳಿದ್ದು ಅದೊಂದನ್ನೇ. ಒಂದೇ ಜಗಲಿ, ಒಂದೇ ಪಡಸಾಲೆ, ಮಧ್ಯೆ ಒಂದು ಬಾಗಿಲು. ಇಬ್ಬರೂ ಒಬ್ಬೊಬ್ಬರೇ ಇಟ್ಟೆವು.

ಮಂಜುಳಾಳ ಮನೆಗೂ ಹೋಗಿ ಕೇಳಿದೆ. ಅವತ್ತು ವಿಭಾ ಅವಳ ಅಡುಗೆಮನೆಯಲ್ಲಿ ರಾಗಿಹಿಟ್ಟು ಬೇಯಿಸಿ ಮುದ್ದೆ ಕಟ್ಟಿದಳಂತೆ, ಲಕ್ನೋದಿಂದಲೇ ಹಿಟ್ಟು ತಂದಿದ್ದಳಂತೆ. "ನಿಮ್ಮವ್ವ ರುಕ್ಮಿಣವ್ವ ಕಟ್ಟಿದಂಗೇ ಇತ್ತು ಮೇಷ್ಟ್ರೇ, ಮ್ಯಾಲೆ ಹೆಬ್ಬೆಟ್ಟಿನ ಗುರ್ತು ಸಮೇತ," ಎಂದಳು. ಅವ್ವ ಅಲ್ಲಿದ್ದ ನಾಲ್ಕು ತಿಂಗಳು ಅವಳಿಗೆ ಇದನ್ನು ಕಲಿಸುತ್ತಿದ್ದಳು ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಏನು ಬರೆಯುತ್ತಿದ್ದೆ ಎಂದು ನಿನಗೂ ಗೊತ್ತು.

ಈ ಲಕೋಟೆಯಲ್ಲಿ ಹೊಸ ಬೀಗದ ಇನ್ನೊಂದು ಕೈ ಇದೆ. ವಿಭಾಗೆ ಕೊಡು. ಯಾವ ತಿಂಗಳಲ್ಲಿ ಬಂದರೂ ಬಾಗಿಲು ತೆಗೆಯಲಿ.

ಹನುಮಂತಯ್ಯ


ಲಕ್ನೋ
ಜನವರಿ 12, 2026

ಅಣ್ಣ,

ನಿಮ್ಮ ಕೊನೆಯ ಎರಡು ಕಾಗದಗಳೂ ಒಂದೇ ದಿನ ಬಂದವು. ಯಾವುದನ್ನು ಒಲೆಗೆ ಹಾಕಬೇಕು ಎಂದು ತಿಳಿಯುವುದಕ್ಕೆ ಎರಡನ್ನೂ ಓದಬೇಕಾಯಿತು.

ಉತ್ತರ ಬರೆಯಲು ಇಷ್ಟು ತಿಂಗಳು ಹಿಡಿದದ್ದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ. ಅದು ಬೇಸಿಗೆಯಲ್ಲೇ ಹೋಯಿತು.

ನೀವು ಮಾರ್ಚಿನಲ್ಲಿ ಬರೆದ ಕಾಗದ ಓದಿದಾಗ, ಚೈತ್ರವೇ ಇನ್ನೂ ಹುಟ್ಟಿಲ್ಲ ಎನ್ನುವ ಸಾಲಿಗೆ ಬಂದ ಕೂಡಲೇ, ಏನಾಗಿದೆ ಎಂದು ನನಗೆ ಗೊತ್ತಾಯಿತು. ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಎರಡೂ ಲೆಕ್ಕ ಬಲ್ಲೆ. ಫೋನು ಎತ್ತಿ ಅತ್ತಿಗೆಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಥವಾ ಏಪ್ರಿಲ್ ಇಪ್ಪತ್ತಕ್ಕೆ ಮತ್ತೆ ಬಂದು ನಿಮ್ಮ ಪಕ್ಕದಲ್ಲಿ ನಿಂತಿದ್ದರೆ, ತಪ್ಪು ದಿನವಾದರೂ ಅವ್ವ ಕೇಳಿದ್ದು ನಡೆಯುತ್ತಿತ್ತು. ಎರಡನ್ನೂ ಮಾಡಲಿಲ್ಲ. ಮೇಷ್ಟ್ರು ಊರೆಲ್ಲ ಕರೆದು ತಪ್ಪು ದಿನ ತಿಥಿ ಮಾಡಲಿ ಎಂದು ಸುಮ್ಮನಿದ್ದೆ. ಅವತ್ತು ಆಫೀಸಿನಲ್ಲಿ ಕೂತು ಗಡಿಯಾರ ನೋಡಿ, ಈಗ ಎಡೆ ಇಟ್ಟಿರಬೇಕು ಎಂದು ನಕ್ಕೆ. ನೀವು ಬಸ್ಸು ಕಾಯುತ್ತಿದ್ದಿರಿ ಎಂದು ಆಮೇಲೆ ಓದಿದೆ. ನಿಮ್ಮದು ತಿಳಿಯದೆ ಆದದ್ದು, ನನ್ನದು ತಿಳಿದು ಮಾಡಿದ್ದು.

ವಿಭಾಗೆ ಎಲ್ಲವನ್ನೂ ಓದಿ ಹೇಳಿದೆ, ಅಡುಗೆಮನೆಗೆ ಬರುವುದು ಬೇಡ ಎಂದದ್ದನ್ನೂ, ನನ್ನ ನಗುವನ್ನೂ. ನಿಮ್ಮ ಮಾತನ್ನು ಅವಳು ಬದಿಗಿಟ್ಟಳು. ನನ್ನ ಜೊತೆ ನಾಲ್ಕು ದಿನ ಮಾತಾಡಲಿಲ್ಲ.

ಬೀಗದ ಕೈಯನ್ನು ಈ ಲಕೋಟೆಯಲ್ಲಿ ವಾಪಸು ಕಳಿಸುತ್ತಿದ್ದೇವೆ. ಮನಸ್ತಾಪದಿಂದ ಅಲ್ಲ. ಕೈ ಇದ್ದರೆ ನಾವೇ ತೆಗೆದುಕೊಂಡು ಒಳಗೆ ಬಂದುಬಿಡುತ್ತೇವೆ. ಬಾಗಿಲು ನೀವು ತೆಗೆಯಬೇಕು, ಅದನ್ನು ಹೊರಗೆ ನಿಂತು ನೋಡಬೇಕು ಎಂದು ವಿಭಾ ಹೇಳುತ್ತಾಳೆ.

ಈ ವರ್ಷ ನಿಮ್ಮ ತಿಂಗಳ ಹೆಸರೂ ಬೇಡ, ನಮ್ಮದೂ ಬೇಡ. ಅವ್ವ ಹೋದ ಸಪ್ತಮಿ ಬರುವುದು ಮಾರ್ಚ್ ಹತ್ತು, ಮಂಗಳವಾರ. ನಾವು ಹಿಂದಿನ ಸಂಜೆ ಬರುತ್ತೇವೆ. ಮನೆಯಲ್ಲಿರಿ.

ಚೈತನ್ಯ